ಈ ನಲ್ಲಿ ಕೆಟ್ಟಿದೆ

ಮನಾಮದ ಹಳೇ ಪೇಟೆಯಲ್ಲಿ ನನ್ನ ಪಾಲಿಗೆ ಹತ್ತೊಂಬತ್ತು ಕೂಲರು.
ಧರ್ಮದ ನೀರು, ಕಾಸಿಲ್ಲ.
ಕೆಲವದರ ನೆತ್ತಿಯ ಮೇಲೆ ತಗಡಿನ ಫಲಕ,
ಸತ್ತವರ ಹೆಸರು, ಅವರಿಗಾಗಿ ಒಂದು ಸಾಲು ಪ್ರಾರ್ಥನೆ.
ನನಗೆ ಅರಬ್ಬಿ ಓದಲು ಬರುವುದಿಲ್ಲ.
ಸದ್ದಿನಿಂದಲೇ ಗುರುತಿಟ್ಟುಕೊಂಡಿದ್ದೇನೆ ಒಬ್ಬೊಬ್ಬರನ್ನೂ:
ಚಿನ್ನದ ಗಲ್ಲಿಯ ಅಜ್ಜನದು ಗೊರಕೆ,
ಮಸೀದಿ ಹಿಂದಿನ ಅಮ್ಮನಿಗೆ ರಾತ್ರಿಯೆಲ್ಲ ಕೆಮ್ಮು.

ಜುಲೈ. ಗಾಳಿಯನ್ನು ಹಿಂಡಿದರೆ ನೀರು ಸುರಿದೀತು,
ಕುಡಿಯಲಾಗದು ಅಷ್ಟೆ.
ಹನ್ನೆರಡರಿಂದ ನಾಲ್ಕು ಬಿಸಿಲಿನ ಕೆಲಸ ಬಂದ್, ಅದು ಕಾನೂನು.
ಕಟ್ಟಡದವರು ಸಿಕ್ಕ ನೆರಳಲ್ಲಿ ರಟ್ಟು ಹಾಸಿ ಒರಗುತ್ತಾರೆ,
ನೆರಳು ಸರಿದ ಹಾಗೆ ನಿದ್ದೆಗಣ್ಣಲ್ಲೇ ಸರಿಯುತ್ತಾರೆ.

ಹೆಬ್ಬಾಗಿಲ ಆಚೆ ಬೇಸಿಗೆ ಶಿಬಿರ.
ಬಿಳಿ ಡೇರೆಯೊಳಗೆ ಎಸಿ, ಮಕ್ಕಳಿಗೆ ಜೇಡಿಮಣ್ಣು,
ಹಗ್ಗದ ಗಂಟು ಕಲಿಸುವ ಒಬ್ಬ ಮುತ್ತು ಹೆಕ್ಕುವವರ ಮೊಮ್ಮಗ,
ಸಂಜೆ ಬೊಂಬೆಯಾಟ.
ಕೊಡೆ ಎರವಲು ಕೊಡುವ ಮೇಜಿನ ಜೊವೆಲಿನ್ ಹೇಳುತ್ತಾಳೆ:
ನಲವತ್ತು ಹೋದವು ತೇಜಪ್ಪ, ಮೂವತ್ತೊಂದು ಬಂದವು.
ಬ್ಯಾಟರಿ ಗಾಡಿಯಲ್ಲಿ ಮುದುಕಿಯರು ಪುಕ್ಕಟೆ ಸುತ್ತುತ್ತಾರೆ,
ಇಳಿಯುವುದಿಲ್ಲ, ತಂಪು ಹೊಡೆಯುತ್ತದಂತೆ.
ಶಿಬಿರದ ನಕ್ಷೆಯಲ್ಲಿ ನನ್ನ ಕೂಲರುಗಳೂ ಇವೆ,
ಕಕ್ಕಸಿನ ಚಿತ್ರದ ಕೆಳಗೆ, ಹತ್ತೊಂಬತ್ತು ನೀಲಿ ಹನಿ.

ಹನ್ನೊಂದನೆಯದು ಕೆಟ್ಟಿತು.
ಕಂಪ್ರೆಸರ್ ಸುಟ್ಟು, ಒಳಪೈಪು ಸೀಳಿ,
ಸಾಮಾನು ಬಂದರಿನಲ್ಲಿ, ಕಾಗದ ಇನ್ನಾರದೋ ಮೇಜಿನಲ್ಲಿ.
ಆಫೀಸು ಕೊಟ್ಟ ಹಾಳೆ ಅಂಟಿಸಿದೆ:
ಅರಬ್ಬಿ, ಇಂಗ್ಲಿಷ್, ಉರ್ದು, ಬಂಗಾಳಿ.
ಕೆಳಗೆ ಒಂದು ಗೇಣು ಖಾಲಿ ಇತ್ತು.
ಮಾರ್ಕರಿನಲ್ಲಿ ಬರೆದೆ: ಈ ನಲ್ಲಿ ಕೆಟ್ಟಿದೆ.
ಯಾರಾದರೂ ಓದಲಿ ಅಂತ ಅಲ್ಲ,
ಜಾಗ ಉಳಿದಿತ್ತು.

ಮಾರನೇ ದಿನ ಅದರಡಿ, ಬಾಲ್‌ಪೆನ್ನಿನಲ್ಲಿ, ಓರೆಯಾಗಿ:
ಯಾವಾಗ ಆಗತೈತ್ರಿ?

ನಿಂತೇ ಬಿಟ್ಟೆ. ಬೆನ್ನ ಹಿಂದೆ ಮೊಫಿಜುಲ್
ಏಣಿ ಹಿಡಿದು, ಏನಾಯಿತು ಭಾಯಿ, ಅಂದ.
ಕೊಪ್ಪಳವೋ, ಸಿಂದಗಿಯೋ, ಲಿಂಗಸುಗೂರೋ,
ಆ ಕೊನೆಯ 'ರಿ'ಯಲ್ಲಿ ಊರಿನ ಹೆಸರು ಇರಲಿಲ್ಲ,
ಮರ್ಯಾದೆ ಮಾತ್ರ ಇತ್ತು, ಕೆಟ್ಟ ನಲ್ಲಿಗೂ.
ಮಾರ್ಕರು ಒಣಗುತ್ತಿತ್ತು. ಒಂದೇ ಮಾತು ಬರೆದೆ,
ನಮ್ಮ ಬೈಂದೂರಿನ ಕಡೆ ಹೇಳುವ ಹಾಗೆ:
ಆತ್ತ್.

ಮೂರನೇ ದಿನ ಉತ್ತರ, ಈ ಸಲ ಒತ್ತಿ ಬರೆದದ್ದು:
ಎಲ್ಲಿ ಆತ್ರಿ? ಬರೇ ಗಾಳಿ ಬರತೈತಿ.

ಏಣಿಯ ಮೇಲೆ ಕೂತು ನಕ್ಕೆ.
ನನ್ನೂರಲ್ಲಿ 'ಆತ್ತ್' ಅಂದರೆ ಇನ್ನು ಆಗಬೇಕಾದ್ದು,
ಅವರೂರಲ್ಲಿ ಆಗಿ ಮುಗಿದದ್ದು.
ಒಂದೊತ್ತು ಅಕ್ಷರದ ವ್ಯತ್ಯಾಸಕ್ಕೆ
ಯಾರೋ ಒಬ್ಬರು ಪಾಳಿ ಮುಗಿಸಿ, ಖಾಲಿ ಬಾಟಲಿ ಹಿಡಿದು,
ನಲ್ಲಿ ಒತ್ತಿದ್ದಾರೆ, ಮತ್ತೊಮ್ಮೆ ಒತ್ತಿದ್ದಾರೆ,
ಕಿವಿಗೊಟ್ಟು ಪೈಪಿನ ಉಸಿರು ಕೇಳಿದ್ದಾರೆ.
ಆಮೇಲೆ ನಗು ನಿಂತಿತು.

ಎದುರು ಮನೆಯ ಉಮ್ ಜಾಸಿಮ್ ಬಾಗಿಲಿಗೆ ಬಂದು ಗದರಿದಳು:
ನನ್ನ ತಾಯಿಯ ಹೆಸರಲ್ಲಿ ಇಟ್ಟದ್ದು ಅದು,
ಅವಳು ಬಾಯಾರಿದ್ದಾಳೆ ಐದು ದಿನದಿಂದ.
ನಾನು ಹ್ಞೂಂ ಅಂದೆ. ಆಗುತ್ತದೆ ಎಂದು
ಆ ಭಾಷೆಯಲ್ಲಿ ಹೇಗೆ ಹೇಳುವುದೋ, ಮತ್ತೆ ತಪ್ಪಿದರೆ?

ಆರನೇ ದಿನ ಸಾಮಾನು ಬಂತು.
ಬೆಳಗಿನ ಐದಕ್ಕೇ ಕೂತೆವು, ಹತ್ತೂವರೆಗೆ ಮುಗಿಯಿತು.
ಮೊದಲ ಲೋಟ ಕಂದು, ಎರಡನೆಯದು ಮಬ್ಬು,
ಐದನೆಯದನ್ನು ಮೊಫಿಜುಲ್ ಕುಡಿದು ತಲೆಯಾಡಿಸಿದ.
ನಾಲ್ಕು ಭಾಷೆಯ ಹಾಳೆ ಕಿತ್ತೆ.
ಕನ್ನಡದ ಗೇಣನ್ನು ಮಾತ್ರ ಕತ್ತರಿಸಿ ಅಲ್ಲೇ ಬಿಟ್ಟೆ,
ಹೊಸ ಮಾರ್ಕರಿನಲ್ಲಿ, ಒತ್ತು, ದೀರ್ಘ ನೋಡಿಕೊಂಡು,
ಮೂರನೇ ಕ್ಲಾಸಿನ ಕಾಪಿ ಪುಸ್ತಕದ ಕನ್ನಡದಲ್ಲಿ ಬರೆದೆ:
ನೀರು ಬರುತ್ತಿದೆ. ಕುಡಿಯಿರಿ.

ಮುಂದಿನ ವಾರ ಹೋದಾಗ ಕಾಗದ ಇರಲಿಲ್ಲ.
ಗುಡಿಸುವವರು ತೆಗೆದಿರಬೇಕು, ಇಲ್ಲ ಗಾಳಿ.
ಅಂಟಿನ ನಾಲ್ಕು ಗುರುತು ಉಳಿದಿದ್ದವು.
ಕೆಳಗೆ ತಟ್ಟೆಯಲ್ಲಿ ತೊಟ್ಟಿಕ್ಕಿದ್ದನ್ನು
ಕಿವಿ ಹರಿದ ಬೆಕ್ಕು ನೆಕ್ಕುತ್ತಿತ್ತು, ನನ್ನ ಕಡೆ ನೋಡದೆ.
ಫಿಲ್ಟರು ಬದಲಿಸಿ, ತಾರೀಕು ಬರೆದು,
ಹನ್ನೆರಡನೆಯದಕ್ಕೆ ಹೊರಟೆ.