ನೀರುಗಂಟಿಯ ಹೇಳಿಕೆ

ಗ್ರಾಮಸಭೆಯಲ್ಲಿ ನನ್ನ ಬಕೆಟ್ಟನ್ನು ಮೇಜಿನ ಮೇಲಿಟ್ಟರು
ಕಳವಿನ ಮಾಲಿನ ಹಾಗೆ.
ತಳದಲ್ಲಿ ಬಿಳಿ ಗಷ್ಟು, ಹಿಡಿಯ ಮೇಲೆ ನನ್ನದೇ ಬೆರಳ ಗುರುತು.
"ಇದನ್ನೇ ತಾನೇ ಐತಪ್ಪಾ, ನಮ್ಮ ಹೊಟ್ಟೆಗೆ ಹಾಕುತ್ತಿರುವುದು?"
ಹೌದು ಎಂದೆ.
ಹನ್ನೊಂದು ವರ್ಷದಿಂದ ಎನ್ನಲಿಲ್ಲ.

ಮೊಟ್ಟೆಯ ಮೇಲಿನ ಟ್ಯಾಂಕಿಗೆ ನೂರಾ ನಲವತ್ತು ಮೆಟ್ಟಿಲು;
ದಿನಕ್ಕೊಮ್ಮೆ ಹತ್ತುತ್ತೇನೆ, ಜಿಗಣೆಗೂ ನನ್ನ ಕಾಲಿನ ರುಚಿ ಗೊತ್ತು.
ಬ್ಲೀಚಿಂಗ್ ಪುಡಿ ಕಲಸಿ, ಕೂರಲು ಬಿಟ್ಟು, ಒಂದು ಬೀಡಿ ಮುಗಿಸಿ
ತಿಳಿ ಮಾತ್ರ ಸುರಿಯಬೇಕು. ಕಲಿಸಿದ್ದು ಹಾಗೆ.
ನನ್ನ ಅಂಗಿಗಳೆಲ್ಲ ತೂತು. ಮದುವೆಯ ಅಂಗಿಯೂ.

ಬೊಳ್ಳಮ್ಮ ಟೀಚರು ಎದ್ದರು:
"ಕಾಫಿಗೆ ಕಾಫಿಯ ಘಮ ಉಳಿದಿಲ್ಲ,
ಅಕ್ಕಿ ತೊಳೆದರೆ ಆಸ್ಪತ್ರೆ ನಾತ.
ಸಂಕ್ರಮಣಕ್ಕೆ ತಂದ ತೀರ್ಥ ವರ್ಷ ಕಳೆದರೂ
ನನ್ನ ದೇವರ ಗೂಡಿನಲ್ಲಿ ಕೆಟ್ಟಿಲ್ಲ.
ಕಾವೇರಿ ಹುಟ್ಟಿದ ನಾಡಲ್ಲಿ ನೀರಿಗೆ ಮದ್ದೆಂದರೆ
ತಾಯಿಯ ಹಾಲಿಗೆ ಸೋಪು ಕಲಸಿದ ಹಾಗೆ."
ಚಪ್ಪಾಳೆ.
ತಾಯಿಹಾಲಿಗೆ ಎದುರು ಮಾತಿಲ್ಲ ಈ ಊರಲ್ಲಿ.

ಹೋಟೆಲಿನ ಕುಂಞಬ್ದುಲ್ಲ: ಗಿರಾಕಿ ಚಾ ಉಗಿದು ಎದ್ದುಹೋದ ಕತೆ.
ಚೀಯಣ್ಣ: ಗಾಜಿನ ಪೆಟ್ಟಿಗೆಯ ಮೂರು ಮೀನು, ಒಂದೇ ಬೆಳಿಗ್ಗೆ, ಹೊಟ್ಟೆ ಮೇಲೆ.
ಇನ್ನಾರೋ: ಕೂದಲು ಉದುರುತ್ತೆ, ಗಂಡಸುತನ ಇಳಿಯುತ್ತೆ,
ಎಲ್ಲ ಕಂಪನಿಯವರ ಹುನ್ನಾರ.
ನಗು ಬಂತು. ನಗಲಿಲ್ಲ, ಏಕೆಂದರೆ
ಮೀನು ಸತ್ತದ್ದು ನಿಜ.
ಆ ಶನಿವಾರ ಜ್ವರದಲ್ಲಿ ಮಲಗಿದ್ದೆ;
ಭಾನುವಾರ ಎರಡು ದಿನದ್ದು ಒಟ್ಟಿಗೆ ಸುರಿದೆ,
ಕೈಯಳತೆ, ಕಣ್ಣಂದಾಜು.
ಅಳತೆಯ ಚಮಚ ಕಳೆದು ಎಷ್ಟು ಮಳೆಗಾಲವಾಯಿತೋ.
ಅವರ ಅನುಮಾನದ ಬೇರು ನನ್ನ ಕೈಯಲ್ಲೇ ಇತ್ತು.

ಸಿದ್ದಾಪುರದಿಂದ ಬಂದ ಫಿಲೋಮಿನಾ ಸಿಸ್ಟರು
ಗಾಜಿನ ಕೊಳವೆ ಎತ್ತಿ ತೋರಿಸಿದರು:
"ಇದರೊಳಗೆ ನಲ್ಲಿನೀರು, ಮೇಲೊಂದು ಹನಿ ದ್ರಾವಣ.
ತೆಳು ಹಳದಿ ಬಂದರೆ ಸಾಕು, ಹೆಚ್ಚೂ ಬೇಡ, ಕಮ್ಮಿಯೂ..."
"ಆ ಹನಿಯೂ ಕೆಮಿಕಲ್ಲೇ!" ಕೂಗಿತು ಹಿಂದಿನ ಬೆಂಚು.
ಸಿಸ್ಟರು ಕೂತರು, ಕೊಳವೆಯನ್ನು ಸೆರಗಲ್ಲಿ ಒರೆಸುತ್ತ.

ಸಹಿಯ ಹಾಳೆ ಬೆಂಚಿಂದ ಬೆಂಚಿಗೆ ಹರಿದು
ಬಾಗಿಲ ಬಳಿ ನಿಂತಿದ್ದ ಲೈನ್‌ಮನೆಯ ಬೋಜಿಗೆ ಮುಟ್ಟಿತು.
ಹೆಬ್ಬೆಟ್ಟಿಗೆ ಶಾಯಿ ಹಚ್ಚಿಯಾಗಿತ್ತು.
ಒತ್ತಲಿಲ್ಲ. ಬೆರಳನ್ನೇ ನೋಡುತ್ತ ಕೇಳಿದಳು:
"ನಿಮ್ಮ ಟ್ಯಾಂಕಿನ ಪೈಪು ನಮ್ಮ ಲೈನಿಗೆ ಬಂದಿಲ್ಲ.
ನಾವು ಕುಡಿಯೋದು ತೋಡಿಂದು.
ಜನವರೀಲಿ ನಿಮ್ಮ ಪಲ್ಪರು ತಿರುಗಿದರೆ ತೋಡು ಕಪ್ಪು, ಹುಳಿನಾತ.
ಮಳೆಗೆ ಮೊದಲು ಮೈಲುತುತ್ತ ಹೊಡೆದ ಡ್ರಮ್ಮು
ಅಲ್ಲೇ ತೊಳೀತೀರಿ, ಆಗ ನೀಲಿ.
ಅದಕ್ಕೆ ಸಹಿ ಹಾಕೋ ಹಾಳೆ ಯಾವ್ದು?"

ಫ್ಯಾನು ತಿರುಗಿತು.
ಚೀಯಣ್ಣ ಫೋನು ನೋಡಿದರು.
ಬೊಳ್ಳಮ್ಮ ಟೀಚರು ಕನ್ನಡಕ ತೆಗೆದರು,
ಒರೆಸದೆಯೇ ಮತ್ತೆ ಹಾಕಿಕೊಂಡರು.
"ಅದು ಬೇರೆ ವಿಷಯ" ಎಂದರು ಅಧ್ಯಕ್ಷರು.
ಬೇರೆ ವಿಷಯ ನಡಾವಳಿ ಪುಸ್ತಕಕ್ಕೆ ಇಳಿಯಲಿಲ್ಲ.
ಇಳಿದದ್ದು: ಮುಂದಿನ ಸಭೆಯವರೆಗೆ ಪುಡಿ ನಿಲ್ಲಿಸತಕ್ಕದ್ದು.

ಈಗ ಬರಿಗೈಯಲ್ಲಿ ಹತ್ತುತ್ತೇನೆ.
ಮುಚ್ಚಳ ಸರಿಸಿದರೆ ನೀರು ನನ್ನ ಮುಖ ತೋರಿಸುತ್ತದೆ
ಚೆಂದವಾಗಿ, ಏನೂ ಹೇಳದೆ.
ರುಚಿ ಬಂದಿದೆ ಎನ್ನುತ್ತಾರೆ. ಬಂದಿದೆ, ನಾನೂ ಕುಡಿದೆ.
ಏಣಿಯ ಕೆಳಗಿನ ಮೆಟ್ಟಿಲಲ್ಲಿ ಒಂದು ಕಪ್ಪೆ;
ಅದಕ್ಕೂ ಹಿಡಿಸಿದಂತಿದೆ.

ಉಳಿದ ಅರ್ಧ ಮೂಟೆ, ಪಂಚಾಯ್ತಿ ಲೆಕ್ಕದಲ್ಲಿ, ನಾಶ.
ರಾತ್ರಿ ಸೈಕಲ್ಲಿಗೆ ಕಟ್ಟಿ ಲೈನಿಗೆ ಒಯ್ದೆ.
ತೋಡಿನ ನೀರು ತುಂಬಿಸಿದ ಡ್ರಮ್ಮಿನ ಬಳಿ
ಬೋಜಿ ನಿಂತಿದ್ದಳು, ಕೈಯಲ್ಲಿ
ಮೊಮ್ಮಗುವಿನ ಔಷಧದ ಚಮಚ, ಗೀರುಗಳಿರುವುದು.
"ಎಷ್ಟು?" ಎಂದಳು.

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.
ಟಾರ್ಚನ್ನು ಹಲ್ಲಲ್ಲಿ ಕಚ್ಚಿಕೊಂಡು
ಸಿಸ್ಟರ ನಂಬರು ಬರೆದ ಚೀಟಿಗೆ
ಜೇಬು ತಡಕಿದೆ. ಆ ಜೇಬೂ ತೂತು.