ಕೀಲಿಕೈ ಜೊತೆ ಕೊಡುವ ಹಾಳೆ

ಗೇಟಿನ ಚಿಲಕ ಸ್ವಲ್ಪ ಎತ್ತಿ ತಳ್ಳಬೇಕು,
ಇಲ್ಲದಿದ್ದರೆ ಹಟ ಮಾಡುತ್ತದೆ.
ಒಳಗೆ ಬಂದ ಮೇಲೆ ಮತ್ತೆ ಹಾಕಿರಿ. ಆಡುಗಳಿಗೆ
ಇದು ಬಾಡಿಗೆ ಮನೆ ಅಂತ ಗೊತ್ತಿಲ್ಲ.

ಅಂಗಡಿ ಒಂದೇ. ಮಸೀದಿ ದಾಟಿ ಎಡಕ್ಕೆ, ಕುಂಞಾಲವಿಯದು.
ಮೊಟ್ಟೆ, ಖುಬ್ಬೂಸ್, ಗ್ಯಾಸು, ಗಾಳಿಪಟದ ದಾರ.
ಹಾಲು ಮಂಗಳವಾರ ಬರುತ್ತದೆ. ಸೋಮವಾರ ಕೇಳಿದರೆ
ಸುಮ್ಮನೆ ನಿಮ್ಮ ಮುಖ ನೋಡುತ್ತಾನೆ.
ನಮಾಜಿನ ಹೊತ್ತಿಗೆ ಬಾಗಿಲಿಗೆ ಅಡ್ಡ
ಒಂದು ಕಸಬರಿಗೆ ಇಟ್ಟು ಹೋಗುತ್ತಾನೆ.
ಅದನ್ನು ದಾಟಿ ಈವರೆಗೆ ಒಳಗೆ ಹೋದದ್ದು
ಒಂದು ಬೆಕ್ಕು ಮಾತ್ರ.

ಡಾಕ್ಟರು: ಇಲ್ಲ. ಕೆಳಗೆ ನಲವತ್ತು ನಿಮಿಷ, ಪೆಟ್ರೋಲ್ ಬಂಕಿನ ಹತ್ತಿರ.
ಫೋನು: ಮನೆಯಲ್ಲಿ ಹಿಡಿಯುವುದಿಲ್ಲ.
ತಿರುವಿನಲ್ಲಿ ಒಂದು ಮರ ಇದೆ. ಇವರು ಸಿದ್ರ್ ಅನ್ನುತ್ತಾರೆ,
ನಮ್ಮ ಕಡೆಯ ಬಾರಿ ಗಿಡವೇ, ಮುಳ್ಳಿನ ಸಮೇತ.
ಅದರ ಬುಡದಲ್ಲಿ ಗುಡ್ಡಕ್ಕೆ ಬೆನ್ನು ಕೊಟ್ಟು ನಿಂತರೆ ಎರಡು ಕಡ್ಡಿ.
ಅಲ್ಲಿ ನಿಂತವರ ಸಾಲ, ಸಿಟ್ಟು, ಹೆರಿಗೆ
ಊರಿಗೆಲ್ಲ ಗೊತ್ತು; ಕನ್ನಡ ಮಾತ್ರ ಅವರಿಗೆ ಬರದು,
ಆದರೂ ನನ್ನ ಮಗಳು ಪಾಸಾದ ದಿನ
ಮುಬಾರಕ್ ಕೇಳದೆ ಬಂದು ಕೈ ಕುಲುಕಿದ.

ನಡಿಗೆ ಒಂದು.
ಫಲಜ್ ಅಂದರೆ ಕಾಲುವೆ, ಅಗಲ ಒಂದು ಮೊಳ.
ಅದರ ಗೋಡೆಯ ಮೇಲೆಯೇ ಹೋಗಬೇಕು,
ಬಲಕ್ಕೆ ಖರ್ಜೂರದ ನೆರಳು, ಎಡಕ್ಕೆ ಏನೂ ಇಲ್ಲ.
ನೀರಿಗೆ ಎದುರಾಗಿ ಇಪ್ಪತ್ತು ನಿಮಿಷ, ನೀರಿನ ಜೊತೆ ಹದಿನಾಲ್ಕು.
ಕಾಲು ಇಳಿಬಿಡಿ, ಸೋಪು ಹಾಕಬೇಡಿ.
ಕೆಳಗೆ ಮುಬಾರಕ್‌ನ ಉಳ್ಳಾಗಡ್ಡಿ ಮಡಿ ಇದೆ.

ನಡಿಗೆ ಎರಡು.
ಒಣ ಹೊಳೆಯ ಪಾತ್ರ. ಬಿಸಿಲು ಏರುವ ಮೊದಲು ಹೋಗಿಬನ್ನಿ.
ನಾನು ಇಳಕಲ್ಲಿನವ, ಕೆಂಪು ಕಲ್ಲಿನ ಊರು.
ಇಲ್ಲಿ ಕ್ವಾರಿಯಲ್ಲಿ ಹನ್ನೊಂದು ವರ್ಷ ಗುಡ್ಡ ಒಡೆದೆ.
ಹಡಗಿಗೆ ತುಂಬಿ ಕಳಿಸಿದೆವು, ಎಲ್ಲೋ ಸಮುದ್ರದಲ್ಲಿ
ಯಾರಿಗೋ ನೆಲ ಬೇಕಾಗಿತ್ತಂತೆ.
ಆದ್ದರಿಂದ ಕಲ್ಲಿನ ವಿಷಯ ನನ್ನ ಮಾತು ಕೇಳ್ರಿ:
ಹಸಿರು ಬಣ್ಣದ್ದು, ಸವೆದ ಸಾಬೂನಿನಂಥದ್ದು ಸಿಗುತ್ತದೆ,
ಒಂದು ತೊಗೊಂಡು ಹೋಗ್ರಿ. ಎರಡು ಬೇಡ.
ಮೇಲೆ ದೂರದಲ್ಲಿ ಮೋಡ ಕಂಡರೆ,
ಇಲ್ಲಿ ನೆತ್ತಿ ಸುಡುತ್ತಿದ್ದರೂ, ಕಾರನ್ನು ದಂಡೆಗೆ ಹತ್ತಿಸಿ.
ಬಂಡೆಯ ಮೇಲೆ ಒಂದು ಬಿಳಿ ಗೆರೆ ಇದೆ, ನಿಮ್ಮ ತಲೆಗಿಂತ ಮೇಲೆ.
ಅದನ್ನು ಯಾರೂ ಬಣ್ಣದಲ್ಲಿ ಎಳೆದದ್ದಲ್ಲ.

ನಡಿಗೆ ಮೂರು ನಿಮ್ಮದಲ್ಲ.
ಶುಕ್ರವಾರ ಅಸರ್ ಆದ ಮೇಲೆ, ರಸ್ತೆ ಬದಿಯ ಹೊಸ ಮನೆಯಿಂದ
ಒಬ್ಬಳು ಮುದುಕಿ ತೋಟದೊಳಗೆ ಹಾಯ್ದು ಬರುತ್ತಾಳೆ.
ಇನ್ನೂರು ಹೆಜ್ಜೆ, ಅವಳಿಗೆ ಅರ್ಧ ತಾಸು.
ಹೆಸರು ಶಮ್ಮಾ. ಬಾಗಿಲು ಬಡಿಯುವುದಿಲ್ಲ.
ಸೀದಾ ಅಡುಗೆಮನೆಗೆ ಹೋಗಿ
ಮೈಕ್ರೋವೇವ್ ಇಟ್ಟ ಮೂಲೆಯ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಾಳೆ,
ಒಲೆ ಇನ್ನೂ ಬಿಸಿ ಇದೆಯೇ ಅಂತ ನೋಡುವ ಹಾಗೆ.
ಚೀರಬೇಡಿ. ಮಾಲೀಕರ ತಾಯಿ.
ಮಗ ಈ ಮೂಲೆಗೆ ಟೈಲ್ಸ್ ಹಾಕಿಸಿದಾಗ
ಏನೂ ಅನ್ನಲಿಲ್ಲವಂತೆ.

ಹೋದ ಚಳಿಗಾಲದಲ್ಲಿ ಶಾರ್ಜಾದಿಂದ ಬಂದವರು,
ಒಳ್ಳೆಯ ಜನ, ತಿಳಿಯದೆ
ಅವಳ ಕೈಗೆ ಹತ್ತು ದಿರಮ್ ಇಟ್ಟರು.
ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.
ಮುಂದಿನ ಶುಕ್ರವಾರ ಅದೇ ನೋಟು ನನಗೆ ಕೊಟ್ಟು
‘ಇಜಾರ್’ ಅಂದಳು. ಬಾಡಿಗೆ.
ನಿಂತ ಜಾಗಕ್ಕೆ. ಬಾಯಿಯಲ್ಲಿದ್ದ ಎರಡು ಹಲ್ಲು ತೋರಿಸಿ ನಕ್ಕಳು.
ಆ ನೋಟು ಯಾವ ಲೆಕ್ಕಕ್ಕೆ ಬರೆಯಬೇಕೋ ತಿಳಿಯದೆ
ಫ್ಯೂಸ್ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಅವಳಿಗೆ ಚಹಾ ಕೊಡಿ, ಸಕ್ಕರೆ ಹೆಚ್ಚು.

ಹೋಗುವಾಗ ಕಸ ಗಂಟು ಕಟ್ಟಿ, ಕತ್ತೆಗಳು ಬರುತ್ತವೆ.
ಕೀಲಿಕೈ ಕುಂಞಾಲವಿಯ ಹತ್ತಿರ.
ಕಸಬರಿಗೆ ಅಡ್ಡ ಇದ್ದರೆ
ಹೊರಗೆ ನಿಂತು ಕಾಯಿರಿ.

— ಯಮನೂರಪ್ಪ, ಕಾವಲು