ಅರ್ಧ ಇಳಿಸಿದ ಶಟರ್

ಶಿವಮೊಗ್ಗದ ಟ್ಯಾಂಕ್ ಮೊಹಲ್ಲಾದಲ್ಲಿ
ಗಫಾರ್ ಸಾಬರ ಹಿಟ್ಟಿನ ಗಿರಣಿಯ ಮೇಲೆ ನನ್ನ ಕೋಣೆ.
ಬೆಳಿಗ್ಗೆ ಹತ್ತಕ್ಕೆ ಬೆಲ್ಟು ತಿರುಗಿದರೆ ಮೇಜು ನಡುಗುತ್ತದೆ,
ಕೀಲಿಮಣೆಯ ಸಂದಿಯಲ್ಲೆಲ್ಲ ರಾಗಿಯ ಬೂದು.

ಹನ್ನೊಂದು ದಿನದಿಂದ ಒಂದು ತಪ್ಪು ಹುಡುಕುತ್ತಿದ್ದೇನೆ.
ಸಾವಿರಕ್ಕೊಮ್ಮೆ ಬರುತ್ತದೆ. ಇಣುಕಲೆಂದು ಒಂದು ಸಾಲು ಸೇರಿಸಿದರೆ
ಬರುವುದೇ ಇಲ್ಲ,
ಡಾಕ್ಟರ ಮುಂದೆ ಕೆಮ್ಮದ ಮಗುವಿನ ಹಾಗೆ.

ಆಗುವುದು ಇಷ್ಟು:
ಗುಟ್ಟಿನ ಲಿಪಿಯಲ್ಲಿ ಎರಡು ಯಂತ್ರಗಳ ಮಾತು.
ಈ ಕಡೆ ಒಂದು ಎಳೆ ಬರೆಯುತ್ತಿದೆ, ಬೀಗ ಅದರ ಕೈಯಲ್ಲಿ.
ಆ ಕಡೆಯವರು ಓದುವುದು ನಿಲ್ಲಿಸಿದ್ದಾರೆ.
ಇನ್ನೊಂದು ಎಳೆ ಬಂದು, ಸಾಕು, ಮುಚ್ಚೋಣ ಅನ್ನುತ್ತದೆ.
ಮುಚ್ಚುವ ಮುನ್ನ ಹೇಳಿ ಹೋಗಬೇಕಲ್ಲ,
ಅದಕ್ಕೂ ಅದೇ ಬೀಗ.

ಇವಳಿಗಾಗಿ ಅವಳು. ಅವಳ ಕಡೆಯವರಿಗಾಗಿ ಇವಳು.
ಪರದೆಯ ಮೇಲೆ ಏನೂ ಆಗುವುದಿಲ್ಲ.
ಏನೂ ಆಗದಿರುವುದೇ ತಪ್ಪು ಎಂದು ಗೊತ್ತಾಗಲು
ಮೂರು ದಿನ ಹಿಡಿಯಿತು.

ಹೇಳದೆ ಹೋಗುವ ಹಾಗೂ ಇಲ್ಲ.
"ಹೋಗಿ ಬರ್ತೀನಿ" ಅನ್ನದಿದ್ದರೆ
ಮಾತು ಮುಗಿಯಿತೋ, ನಡುವೆ ಯಾರೋ ಕತ್ತರಿಸಿದರೋ
ಕೇಳುವವರಿಗೆ ತಿಳಿಯದು.

ನಿನ್ನೆ ಸಂಜೆ ಕರೆಂಟು ಹೋಯಿತು, ಕೆಳಗಿಳಿದೆ.
ಬಂದ ಮೇಲೂ ಗಿರಣಿಯ ಕಟ್ಟೆಯಲ್ಲೇ ಕೂತೆ.
ಏಳೂವರೆಗೆ ಸಾಬರು ಶಟರ್ ಅರ್ಧ ಇಳಿಸಿದರು.
ಹೊಸ ಡಬ್ಬ ಒಳಗಿಲ್ಲ.
ಒಳಗಿದ್ದ ನಾಲ್ಕಕ್ಕೆ ಕಂಬದ ಮೇಲೆ ನಾಲ್ಕು ಸುಣ್ಣದ ಗೀರು;
ಒಬ್ಬೊಬ್ಬರು ಬಗ್ಗಿ ಹೊರಬಿದ್ದಂತೆ ಅಂಗೈಯಿಂದ ಒಂದೊಂದು ಒರೆಸಿ,
ಕೊನೆಯ ಗೀರೂ ಹೋದ ಮೇಲೆ
ಬಿಸಿ ಕಲ್ಲನ್ನೊಮ್ಮೆ ಮುಟ್ಟಿ, ಸ್ವಿಚ್ಚು.

"ಯಾರಾದ್ರೂ ಒಳಗೆ ಸಿಕ್ಕಿಕೊಂಡ್ರೆ?"
ಎಡಗೈ ಎತ್ತಿ ತೋರಿಸಿದರು. ಕಿರುಬೆರಳಿಲ್ಲ.
"ಆಗ ಗೀರು ಎಣಿಸ್ತಾ ಕೂರೋಕಾಗುತ್ತೇನಮ್ಮ, ಫ್ಯೂಜೇ ಕೀಳೋದು.
ಅವತ್ತು ನಮ್ಮಪ್ಪಂಗೆ ಕೇಳಿಸಿಲ್ಲ,
ಗೋಧಿ ಮುಗೀಲಿ ಅಂತ ಕಾದ್ರು."

ರಾತ್ರಿ ಒಂದು ಸಂಖ್ಯೆ ಇಟ್ಟೆ: ಬರೆಯುವವರು ಎಷ್ಟು ಮಂದಿ ಒಳಗೆ.
ಅದರ ಕೊನೆಯ ಬಿಟ್ಟು, ಅರ್ಧ ಇಳಿಸಿದ ಶಟರ್.
ಒಳಗೆ ಯಾರೂ ಇಲ್ಲವೆ? ಹೇಳಿ ಹೋಗು.
ಇದ್ದಾರೆಯೆ? ಬೀಗ ಕೇಳಬೇಡ, ವಿದಾಯ ಬೇಡ,
ತಂತಿಯನ್ನೇ ಕಿತ್ತುಬಿಡು.
ಸಿಕ್ಕಿಕೊಂಡವಳು ಬರೆದದ್ದು ಅರ್ಧಕ್ಕೇ ಬಿಟ್ಟು
ಹೊರಗೆ ಬರುತ್ತಾಳೆ. ಬರುತ್ತಾಳಲ್ಲ.

ಲಕ್ಷ ಸಲ ಓಡಿಸಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ.
ಲಕ್ಷದ ಒಂದನೆಯದರ ಬಗ್ಗೆ ಏನೂ ಹೇಳಲಾರೆ.

ಇಪ್ಪತ್ತಾರು ಸಾಲು. ಪರಿಶೀಲಿಸಿದವರು ಯಾರೋ, ಯಾವ ಊರೋ,
ಬರೆದಿದ್ದಾರೆ: ಇಲ್ಲಿ ವಿದಾಯ ಏಕಿಲ್ಲ?
ಒಂದು ವಾಕ್ಯದಲ್ಲಿ ವಿವರಿಸಿ.

ಕೆಳಗೆ ಬೆಲ್ಟು ತಿರುಗಿತು. ಯೋಚಿಸುತ್ತಿದ್ದೇನೆ,
ಕಿರುಬೆರಳನ್ನು ಬಿಟ್ಟು
ಆ ವಾಕ್ಯ ಬರೆಯುವುದು ಹೇಗೆಂದು.